ಮುಳ್ಳು ಸರಿಯಾದರೆ ಸಾಕೆ?

ತಾತನ ಕೈಗಡಿಯಾರ ದಿನಕ್ಕೆ 4 ನಿಮಿಷ ಮುಂದೆ ಓಡುತ್ತಿತ್ತು. ಹಾಸ್ಟೆಲಿನ ಗೆಳತಿಗೆ ಹೇಳಿದರೆ, "ಮುಂದೆ ತಾನೆ? ಒಳ್ಳೇದೇ ಆಯ್ತಲ್ಲ, ಬಸ್ ತಪ್ಪಲ್ಲ" ಎಂದು ನಕ್ಕಳು. ಅವಳೊಬ್ಬಳದ್ದಲ್ಲ ಈ ಮಾತು. ಗಡಿಯಾರ ಹಿಂದೆ ಬಿದ್ದರೆ ಅದು ಕೆಟ್ಟಿದೆ ಎನ್ನುತ್ತೇವೆ. ಮುಂದೆ ಓಡಿದರೆ ಮಾತ್ರ ಅದಕ್ಕೆ ಏನೋ ಒಂದು ಚುರುಕುತನ ಇದೆ ಎಂಬಂತೆ ಸುಮ್ಮನಾಗುತ್ತೇವೆ. ನಮ್ಮ ಮನೆಯ ಗೋಡೆ ಗಡಿಯಾರವನ್ನು ಅಮ್ಮ ಬೇಕೆಂದೇ ಹತ್ತು ನಿಮಿಷ ಮುಂದಿಟ್ಟಿದ್ದಾಳೆ. ಅದು ಮುಂದಿದೆ ಎಂದು ಮನೆಯವರಿಗೆಲ್ಲ ಗೊತ್ತು. ಹತ್ತು ಕಳೆದೇ ಎಲ್ಲರೂ ಓದಿಕೊಳ್ಳುತ್ತೇವೆ. ಆದರೂ ಬೆಳಗಿನ ಗಡಿಬಿಡಿಯಲ್ಲಿ ಅದನ್ನು ನೋಡಿದ ತಕ್ಷಣ ಎದೆ ಒಂದು ಸಲ ಧಸಕ್ಕೆನ್ನುತ್ತದೆ. ಅಮ್ಮನಿಗೆ ಬೇಕಿರುವುದೂ ಅಷ್ಟೇ.

ಮುಂದೆ ಇಡುವುದು ಬೇರೆ, ಮುಂದೆ ಓಡುವುದು ಬೇರೆ ಎಂಬುದು ನನಗೆ ಅರ್ಥವಾದದ್ದು ಈ ವಾಚು ಕೈಗೆ ಬಂದ ಮೇಲೆ. ಅಮ್ಮನ ಗಡಿಯಾರ ಇಂದೂ ಹತ್ತು ನಿಮಿಷ ಮುಂದೆ, ಬರುವ ಯುಗಾದಿಗೂ ಹತ್ತೇ ನಿಮಿಷ ಮುಂದೆ. ತಾತನ ವಾಚು ಹಾಗಲ್ಲ. ಸೋಮವಾರ 4 ನಿಮಿಷ, ಮಂಗಳವಾರ 8, ವಾರ ಕಳೆಯುವಷ್ಟರಲ್ಲಿ 28, ತಿಂಗಳಿಗೆ ಎರಡು ಗಂಟೆ. ಕೈ ಹಾಕದೆ ಬಿಟ್ಟರೆ 180ನೆಯ ದಿನಕ್ಕೆ ಹನ್ನೆರಡು ಗಂಟೆ ಮುಂದೆ ಹೋಗಿ, ಮುಳ್ಳುಗಳು ಮತ್ತೆ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತವೆ. ಅವತ್ತು ಯಾರಾದರೂ ನೋಡಿದರೆ, ಎಷ್ಟು ಕರಾರುವಾಕ್ಕಾದ ವಾಚು ಎಂದುಕೊಂಡಾರು.

ವಾಚು ಎಚ್‌ಎಂಟಿ ಜನತಾ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯಿಂದ ಇಂಥವು ದೇಶದ ಮೂಲೆಮೂಲೆಗೂ ಹೋದವು. 2016ರಲ್ಲಿ ಸರ್ಕಾರ ಆ ಕೈಗಡಿಯಾರ ಕಂಪನಿಯನ್ನೇ ಮುಚ್ಚುವ ತೀರ್ಮಾನ ಮಾಡಿತು. ಬ್ಯಾಟರಿ ಇಲ್ಲದ ವಾಚು ಇದು. ದಿನಾ ಬೆಳಿಗ್ಗೆ ಕೀ ಕೊಡಬೇಕು. ತಾತ ನಮ್ಮೂರಿನ ಹೈಸ್ಕೂಲಿನಲ್ಲಿ ಜವಾನರಾಗಿದ್ದರು. ಕಾರಿಡಾರಿನ ತೊಲೆಗೆ ನೇತುಹಾಕಿದ ರೈಲುಹಳಿಯ ತುಂಡಿಗೆ ಸುತ್ತಿಗೆಯಲ್ಲಿ ಹೊಡೆಯುವುದು ಅವರ ಕೆಲಸ. ಪ್ರಾರ್ಥನೆಗೆ, ಪೀರಿಯಡ್ ಬದಲಾಗುವುದಕ್ಕೆ, ಊಟಕ್ಕೆ, ಮನೆಗೆ ಬಿಡುವುದಕ್ಕೆ ಎಲ್ಲದಕ್ಕೂ ಈ ವಾಚೇ ಪ್ರಮಾಣ. ಪ್ರತಿದಿನ ಬೆಳಿಗ್ಗೆ ರೇಡಿಯೋ ವಾರ್ತೆ ಶುರುವಾಗುವ ಹೊತ್ತಿಗೆ ಮುಳ್ಳು ಸರಿಮಾಡಿಕೊಂಡೇ ಅವರು ಮನೆ ಬಿಡುತ್ತಿದ್ದರಂತೆ. ಹೊಸ ಹೆಡ್‌ಮಾಸ್ಟರು ಬಂದಾಗಲೆಲ್ಲ, "ಸಾರ್, ಈ ವಾಚು ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗ್ತದೆ, ಬೆಳಿಗ್ಗೆ ಸರಿಮಾಡ್ಕೊಂಡು ಬರ್ತೀನಿ" ಎಂದು ಮೊದಲೇ ಹೇಳಿಬಿಡುತ್ತಿದ್ದರು ಎಂದು ಅಪ್ಪ ಈಗಲೂ ನೆನೆಯುತ್ತಾರೆ. ಹಾಗಾದರೆ ತಾತನ ಕೈಯಲ್ಲಿ ಅರ್ಧ ನಿಮಿಷ ಓಡುತ್ತಿದ್ದ ವಾಚು ನನ್ನ ಕೈಯಲ್ಲಿ 4 ನಿಮಿಷ ಓಡುತ್ತಿತ್ತು. ಈ ವ್ಯತ್ಯಾಸವನ್ನು ನಾನು ಆಗಲೇ ಗಮನಿಸಬೇಕಿತ್ತು.

ಮೈಸೂರಿನ ಒಂದು ಅಂಗಡಿಗೆ ಒಯ್ದೆ. ಅಂಗಡಿಯಾತ ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದ ತುದಿಯಿಂದ ಏನನ್ನೋ ಕೂದಲೆಳೆಯಷ್ಟು ಸರಿಸಿ, ಮುಚ್ಚಳ ಹಾಕಿ ಕೊಟ್ಟ. ಐದು ನಿಮಿಷದ ಕೆಲಸ. ಮರುದಿನ ಫೋನಿಗೆ ಹೋಲಿಸಿ ನೋಡಿದೆ. ಹತ್ತು ಸೆಕೆಂಡಿನ ವ್ಯತ್ಯಾಸವೂ ಇಲ್ಲ. ನನಗೆ ಸಂತೋಷವಾಯಿತು. ವಾರ ಹತ್ತು ದಿನ ಹಾಗೆಯೇ ನಡೆಯಿತು. ಆಮೇಲೆ ಒಂದು ದಿನ 1 ನಿಮಿಷ ಮುಂದೆ, ಮರುದಿನ 2 ನಿಮಿಷ ಹಿಂದೆ, ಇನ್ನೊಂದು ದಿನ ಸರಿ. ಮೊದಲು ಅದರ ತಪ್ಪಿಗೆ ಒಂದು ಲೆಕ್ಕವಾದರೂ ಇತ್ತು. ಈಗ ಅದೂ ಹೋಯಿತು.

ಎರಡನೆಯ ಸಲ ಹೋದದ್ದು ದೊಡ್ಡ ಗಡಿಯಾರದ ಹತ್ತಿರದ ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ ಜಾಗದಲ್ಲಿ ಮೇಜು ಹಾಕಿಕೊಂಡು ಕೂರುವ ಹಿರಿಯರೊಬ್ಬರ ಬಳಿಗೆ. ಅವರು ಮುಚ್ಚಳ ತೆಗೆಯಲಿಲ್ಲ. ಮೇಜಿನ ಡ್ರಾಯರಿನಿಂದ ಮಕ್ಕಳ ಆಟದ ಸಾಮಾನಿನಂಥ ಒಂದು ದಿಕ್ಸೂಚಿ ತೆಗೆದು ಮೇಜಿನ ಮೇಲಿಟ್ಟರು. ವಾಚನ್ನು ಅದರ ಪಕ್ಕಕ್ಕೆ ಒಯ್ದರು. ದಿಕ್ಸೂಚಿಯ ಮುಳ್ಳು ಅಲ್ಲಾಡಿ ವಾಚಿನ ಕಡೆ ತಿರುಗಿತು.

"ಎಲ್ಲಿಡ್ತೀರಮ್ಮಾ ಇದನ್ನ ರಾತ್ರಿ?" ಎಂದು ಕೇಳಿದರು.

"ಲ್ಯಾಪ್‌ಟಾಪ್ ಪಕ್ಕ ಸ್ಪೀಕರ್ ಇದೆ ಸರ್, ಅದರ ಮೇಲೆ."

"ಅಲ್ಲೇ ಇರೋದು ಕಾಯಿಲೆ" ಎಂದರು.

ಆಮೇಲೆ ಮುಚ್ಚಳ ತೆಗೆದು ನನಗೂ ಒಂದು ಭೂತಗನ್ನಡಿ ಕೊಟ್ಟು ತೋರಿಸಿದರು. ಒಳಗೆ ಒಂದು ಸಣ್ಣ ಚಕ್ರ ಅತ್ತ ಇತ್ತ ತಿರುಗಾಡುತ್ತಿತ್ತು. ಅದು ಬ್ಯಾಲೆನ್ಸ್ ಚಕ್ರ. ಅದರ ನಡುವೆ ಕೂದಲಿನಷ್ಟು ತೆಳುವಾದ, ಚಕ್ಕುಲಿಯ ಹಾಗೆ ಸುತ್ತಿದ ಒಂದು ಸುರುಳಿ. ಅದೇ ಹೇರ್ ಸ್ಪ್ರಿಂಗ್. ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ 1675ರಲ್ಲಿ ಇಂಥ ಸುರುಳಿಯನ್ನು ಗಡಿಯಾರಕ್ಕೆ ಅಳವಡಿಸಿದ ಮೇಲೆಯೇ ಜೇಬಿನಲ್ಲಿ ಇಟ್ಟುಕೊಳ್ಳುವ ಗಡಿಯಾರಗಳನ್ನು ಸ್ವಲ್ಪವಾದರೂ ನಂಬುವಂತಾದದ್ದು. ಈ ವಾಚಿನ ಚಕ್ರ ಗಂಟೆಗೆ 18,000 ಸಲ ಆಡಬೇಕು, ಎಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ನನ್ನ ವಾಚು ದಿನಕ್ಕೆ ಸುಮಾರು 1,200 ಸಲ ಹೆಚ್ಚಿಗೆ ಆಡುತ್ತಿತ್ತು. ಸಾವಿರಕ್ಕೆ ಮೂರಕ್ಕಿಂತ ಕಡಿಮೆ ತಪ್ಪು. ಅಷ್ಟೇ ಸಾಕಾಗಿತ್ತು ತಿಂಗಳಿಗೆ ಎರಡು ಗಂಟೆ ಆಚೀಚೆ ಆಗಲು.

ಕಾರಣ ಸರಳ. ಸ್ಪೀಕರಿನೊಳಗೆ ಅಯಸ್ಕಾಂತ ಇರುತ್ತದೆ. ಅದರ ಮೇಲೆ ರಾತ್ರಿಯೆಲ್ಲ ಮಲಗಿದ ವಾಚಿನ ಉಕ್ಕಿನ ಭಾಗಗಳು ತಾವೂ ಸ್ವಲ್ಪ ಸ್ವಲ್ಪ ಅಯಸ್ಕಾಂತವಾಗುತ್ತವೆ. ಸುರುಳಿಯ ಸುತ್ತುಗಳು ಒಂದನ್ನೊಂದು ಎಳೆದು ಅಂಟಿಕೊಳ್ಳುತ್ತವೆ. ಅಂಟಿಕೊಂಡಷ್ಟು ಭಾಗ ಕೆಲಸ ಮಾಡುವುದಿಲ್ಲ, ಸ್ಪ್ರಿಂಗು ಗಿಡ್ಡವಾದಂತೆ ಆಗುತ್ತದೆ. "ಉಯ್ಯಾಲೆ ಹಗ್ಗ ಗಿಡ್ಡ ಮಾಡಿದ್ರೆ ಬೇಗ ಬೇಗ ಆಡಲ್ವಾ, ಹಂಗೆ" ಎಂದರು ಅವರು. ಇಷ್ಟು ಹೇಳಿ, ಚಕ್ರದ ಮೇಲಿದ್ದ ಒಂದು ಪುಟ್ಟ ಕಡ್ಡಿಯನ್ನು ಚಿಮುಟದಿಂದ ತೋರಿಸಿದರು. ರೆಗ್ಯುಲೇಟರ್. ಸ್ಪ್ರಿಂಗಿನ ಎಷ್ಟು ಉದ್ದ ಆಡಬೇಕು ಎಂಬುದನ್ನು ನಿಗದಿ ಮಾಡುವ ಕಡ್ಡಿ ಅದು. ಒಂದು ಕಡೆ ಸರಿಸಿದರೆ ವಾಚು ಬೇಗ, ಇನ್ನೊಂದು ಕಡೆ ಸರಿಸಿದರೆ ನಿಧಾನ. "ನೋಡಿ, ಇದನ್ನ ಪೂರ್ತಿ ನಿಧಾನದ ಕಡೆ ತಳ್ಳಿದ್ದಾರೆ. ಅಂಟಿರೋದು ಅಂಟಿದಂಗೇ ಇದೆ. ಸುತ್ತು ಒಂದ್ಸಲ ಅಂಟ್ಕೊಳ್ಳುತ್ತೆ, ಒಂದ್ಸಲ ಬಿಡುತ್ತೆ. ಅಂಟಿದಾಗ ಸರಿ ತೋರ್ಸುತ್ತೆ, ಬಿಟ್ಟಾಗ ಹಿಂದೆ ಬೀಳುತ್ತೆ."

ಅಂಟಿದಾಗ ಸರಿ ತೋರಿಸುತ್ತದೆ! ವಾಚು ಕೆಟ್ಟಿರುವಷ್ಟು ಹೊತ್ತು ಸರಿಯಾದ ಸಮಯ, ಚೆನ್ನಾಗಿ ನಡೆದ ಗಳಿಗೆಯಲ್ಲಿ ತಪ್ಪು ಸಮಯ. ಮೊದಲಿನ ಅಂಗಡಿಯಾತ ತಪ್ಪನ್ನು ತೆಗೆದಿರಲಿಲ್ಲ. ಅದರ ಎದುರಿಗೆ ಅಷ್ಟೇ ತೂಕದ ಇನ್ನೊಂದು ತಪ್ಪನ್ನು ಇಟ್ಟು ತಕ್ಕಡಿ ಸಮ ಮಾಡಿದ್ದ.

ಇದು ನಿಜವಾಗಿ ಗೊತ್ತಾದದ್ದು ಮುಂದಿನ ಹೆಜ್ಜೆಯಲ್ಲಿ. ಹಿರಿಯರು ಕರೆಂಟಿಗೆ ಸಿಕ್ಕಿಸಿದ ಒಂದು ಪೆಟ್ಟಿಗೆಯ ಮೇಲೆ ವಾಚನ್ನು ಹಿಡಿದು, ಗುಂಡಿ ಒತ್ತಿಕೊಂಡೇ ಅದನ್ನು ನಿಧಾನವಾಗಿ ದೂರಕ್ಕೆ ಎಳೆದರು. ಪೆಟ್ಟಿಗೆಯೊಳಗಿನ ತಂತಿಸುರುಳಿಯಲ್ಲಿ ಕಾಂತದ ದಿಕ್ಕು ಕ್ಷಣಕ್ಷಣಕ್ಕೂ ತಿರುಗುಮುರುಗಾಗುತ್ತಿರುತ್ತದೆ. ದೂರ ಹೋದಷ್ಟೂ ಅದರ ಬಲ ಕುಗ್ಗುವುದರಿಂದ ವಾಚಿನಲ್ಲಿ ಉಳಿದಿದ್ದ ಕಾಂತಗುಣವೂ ಹಾಗೆಯೇ ಕರಗಿಹೋಗುತ್ತದೆ. ಎರಡು ಮೂರು ಸಲ ಹೀಗೆ ಮಾಡಿ ದಿಕ್ಸೂಚಿಯ ಬಳಿ ಹಿಡಿದರೆ ಮುಳ್ಳು ಅಲ್ಲಾಡಲಿಲ್ಲ. ಕಾಯಿಲೆ ಹೋಗಿತ್ತು. ಆದರೆ ಆವತ್ತಿನಿಂದ ಮರುದಿನಕ್ಕೆ ವಾಚು ಮೂರೂವರೆ ನಿಮಿಷ ಹಿಂದೆ ಬಿದ್ದಿತ್ತು. ಕಾರಣ ಹೋದ ಮೇಲೆ ಅದಕ್ಕೆ ಹಾಕಿದ್ದ ತೇಪೆಯೇ ಕಾಯಿಲೆಯಾಗಿ ಎದ್ದು ಕಾಣಿಸಿತು. ವಾಚು ಇಷ್ಟು ಕೆಟ್ಟದಾಗಿ ನಡೆದದ್ದು ಅದು ಗುಣವಾದ ದಿನವೇ.

ಕಡ್ಡಿಯನ್ನು ಅವರು ಒಂದೇ ಸಲಕ್ಕೆ ಸರಿಸಲಿಲ್ಲ. ಒಂದಿಷ್ಟು ಸರಿಸಿ, "ನಾಳೆ ಇದೇ ಹೊತ್ತಿಗೆ ಬನ್ನಿ" ಎಂದರು. ಮರುದಿನ ಇನ್ನೊಂದಿಷ್ಟು. ಮೂರು ಸಲ ಓಡಾಡಿದೆ. ಆ ಮೂರು ದಿನ ನನ್ನ ತಲೆಯಲ್ಲಿ ಓಡುತ್ತಿದ್ದುದು ವಾಚಿನ ವಿಷಯ ಅಲ್ಲ.

ನಾನು ಕೆಲಸ ಮಾಡುತ್ತಿರುವುದು ಶಾಸನಗಳ ಮೇಲೆ. ಹಸು ಕದಿಯಲು ಬಂದವರೊಂದಿಗೆ ಹೋರಾಡಿ ಸತ್ತವರಿಗಾಗಿ ನಿಲ್ಲಿಸಿದ ವೀರಗಲ್ಲುಗಳು, ಸತ್ತವರ ಮನೆಯವರಿಗೆ ಕೊಡುತ್ತಿದ್ದ ನೆತ್ತರುಗೊಡಗೆ ಎಂಬ ಭೂಮಿ, ಇವು ನನ್ನ ಮಹಾಪ್ರಬಂಧದ ವಿಷಯ. ಬಿ. ಎಲ್. ರೈಸ್ ಅವರು 1886ರಲ್ಲಿ ಮೊದಲ ಸಂಪುಟ ತಂದ ಎಪಿಗ್ರಾಫಿಯಾ ಕರ್ನಾಟಿಕ ಇಲ್ಲದಿದ್ದರೆ ನನ್ನಂಥವರು ಒಂದು ಹೆಜ್ಜೆ ಇಡಲಾಗುವುದಿಲ್ಲ. ಶಾಸನದಲ್ಲಿ ತಾರೀಖು ಎಂದರೆ ಒಂದೇ ಅಂಕಿ ಅಲ್ಲ. ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಹೀಗೆ ಹಲವು ಇರುತ್ತವೆ. ಇವೆಲ್ಲ ಒಂದಕ್ಕೊಂದು ಹೊಂದಬೇಕು. ಹೊಂದುತ್ತವೆಯೇ ಎಂದು ನೋಡಲು ಎಲ್. ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕಗಳಿವೆ, ಈಗ ಕಂಪ್ಯೂಟರೂ ಇದೆ. ಎಷ್ಟೋ ಸಲ ಹೊಂದುವುದಿಲ್ಲ. ಆಗ ಸಂಶೋಧಕ ಒಂದು ತೀರ್ಮಾನ ಮಾಡಬೇಕಾಗುತ್ತದೆ.

ನನ್ನ ಮೂರನೆಯ ಅಧ್ಯಾಯದಲ್ಲಿ ಒಂದು ಊರಿದೆ. ಪ್ರಬಂಧ ಇನ್ನೂ ಸಲ್ಲಿಕೆಯಾಗದ ಕಾರಣ ಹೆಸರು ಬೇಡ. ಅಲ್ಲಿ ಎರಡು ಕಲ್ಲುಗಳು. ಒಂದು ವೀರಗಲ್ಲು. ಇನ್ನೊಂದು ಅದೇ ಮಾಸದ ಹುಣ್ಣಿಮೆಯಂದು ಭೂಮಿ ಕೊಟ್ಟ ದಾನಶಾಸನ, ಆದರೆ ದಾನ ಪಡೆದವರ ಹೆಸರಿದ್ದ ಜಾಗ ಸವೆದುಹೋಗಿದೆ. ಈ ಭೂಮಿ ಸತ್ತ ಆ ವೀರನ ಮನೆಗೇ ಹೋದದ್ದು ಎಂದು ತೋರಿಸಿದರೆ ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ತೊಡಕು ಒಂದೇ. ವೀರಗಲ್ಲಿನಲ್ಲಿರುವುದು ಬಹುಳ ಅಷ್ಟಮಿ, ಭಾನುವಾರ. ಬಹುಳ ಎಂದರೆ ಹುಣ್ಣಿಮೆ ಕಳೆದ ಮೇಲೆ. ಹಾಗಾದರೆ ಅವನು ಸತ್ತದ್ದು ದಾನವಾದ ಒಂದು ವಾರಕ್ಕೆ. ಸಾಯುವ ಮೊದಲೇ ನೆತ್ತರುಗೊಡಗೆ ಕೊಡಲು ಬರುವುದಿಲ್ಲ.

ಲೆಕ್ಕ ಹಾಕಿದಾಗ ಬಹುಳ ಅಷ್ಟಮಿ ಸೋಮವಾರ ಬಂತು, ಭಾನುವಾರ ಅಲ್ಲ. ಒಂದು ದಿನ ವ್ಯತ್ಯಾಸ. ಆಗ ನನಗೊಂದು ಹೊಳಹು ಬಂತು. ಕಲ್ಲು ಕೆತ್ತಿದವನು ಶುದ್ಧ ಎನ್ನುವ ಕಡೆ ಬಹುಳ ಎಂದು ಕೆತ್ತಿರಬಹುದಲ್ಲ? ಶುದ್ಧ ಅಷ್ಟಮಿ ಹದಿನೈದು ದಿನ ಮೊದಲು. ಎರಡು ವಾರ ಮತ್ತು ಒಂದು ದಿನ. ವಾರ ತಾನಾಗಿಯೇ ಭಾನುವಾರಕ್ಕೆ ಬಂದು ಕೂತಿತು! ಸಾವು ಹುಣ್ಣಿಮೆಗೆ ಮೊದಲಾಯಿತು. ದಾನ ಆಮೇಲಾಯಿತು. ಎಲ್ಲವೂ ಹೊಂದಿತು. ಆ ರಾತ್ರಿ ನನಗಾದ ಖುಷಿ ಇವತ್ತಿಗೂ ನೆನಪಿದೆ. ಅಧ್ಯಾಯದಲ್ಲಿ ಶುದ್ಧ ಅಷ್ಟಮಿ ಎಂದೇ ಬರೆದೆ. ಕಲ್ಲಿನಲ್ಲಿ ಬಹುಳ ಎಂದಿದೆ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಹಾಕೋಣ ಎಂದುಕೊಂಡೆ. ಹಾಕಲಿಲ್ಲ. ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ.

"ಕಾಯಿಲೆ ಅಲ್ಲೇ ಇದೆ, ಕಡ್ಡಿ ತಳ್ಳಿದ್ದಾರೆ" ಎಂಬ ಮಾತು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಭಾನುವಾರ.

ಬರ್ಟ್ರಂಡ್ ರಸೆಲ್ 1948ರ ತನ್ನ ಪುಸ್ತಕವೊಂದರಲ್ಲಿ ನಿಂತುಹೋದ ಗಡಿಯಾರದ ಉದಾಹರಣೆ ಕೊಡುತ್ತಾನೆ. ಒಬ್ಬ ಮನುಷ್ಯ ಗಡಿಯಾರ ನೋಡುತ್ತಾನೆ. ಅದು ನಿಂತುಹೋಗಿದೆ ಎಂದು ಅವನಿಗೆ ಗೊತ್ತಿಲ್ಲ. ಆದರೆ ಅವನು ನೋಡಿದ ಗಳಿಗೆಯಲ್ಲೇ ಅದು ತೋರಿಸುವ ಸಮಯವೂ ನಿಜವಾದ ಸಮಯವೂ ಒಂದೇ ಆಗಿರುತ್ತವೆ. ಅವನು ನಂಬಿದ್ದು ನಿಜ. ಆದರೂ ಅವನಿಗೆ ಸಮಯ ತಿಳಿದಿತ್ತು ಎನ್ನಲು ನಮಗೆ ಮನಸ್ಸು ಬರುವುದಿಲ್ಲ. ತತ್ವಶಾಸ್ತ್ರದ ತರಗತಿಗಳಲ್ಲಿ ಇದನ್ನು ಜ್ಞಾನ ಎಂದರೇನು ಎಂಬ ಪ್ರಶ್ನೆಗೆ ಬಳಸುತ್ತಾರೆ. ನನಗೆ ಕಾಡಿದ್ದು ಅದರ ಪಕ್ಕದ ಇನ್ನೊಂದು ಪ್ರಶ್ನೆ. ರಸೆಲ್ಲನ ಮನುಷ್ಯ ಅಮಾಯಕ, ಗಡಿಯಾರ ಕೆಟ್ಟಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ, ಹೇಗೋ ಉತ್ತರ ಸರಿ ಬಂತಲ್ಲ ಎಂದು ಸುಮ್ಮನಾಗುವವನದ್ದು ಏನು? ಅವನದ್ದು ಅರಿವಿನ ಕೊರತೆಯಲ್ಲ. ಅವನು ಪ್ರಶ್ನೆಯನ್ನೇ ಮುಚ್ಚಿಬಿಟ್ಟಿದ್ದಾನೆ. ಇನ್ನು ಮುಂದೆ ಯಾರೂ ಕೇಳದಂತೆ, ತಾನೂ ಕೇಳದಂತೆ.

ಆದರೆ ಇಷ್ಟಕ್ಕೇ ಮೊದಲಿನ ಅಂಗಡಿಯಾತನನ್ನು ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ. ನಾನು ಕೇಳಿದ್ದು ವಾಚು ಸರಿಯಾದ ಸಮಯ ತೋರಿಸಲಿ ಎಂದು. ಅವನು ತೋರಿಸುವಂತೆ ಮಾಡಿದ. ಬದುಕಿನಲ್ಲಿ ನಾವು ಮಾಡುವ ಎಷ್ಟೋ ರಿಪೇರಿಗಳು ಹೀಗೇ ಇರುತ್ತವೆ. ನನ್ನ ಕನ್ನಡಕ ನನ್ನ ಕಣ್ಣಿನ ದೋಷವನ್ನು ತೆಗೆಯುವುದಿಲ್ಲ. ಅದಕ್ಕೆ ಎದುರಾದ ಬಾಗನ್ನು ಗಾಜಿನಲ್ಲಿ ಇಟ್ಟು ಸರಿದೂಗಿಸುತ್ತದೆ. ಅದನ್ನು ಮೋಸ ಎನ್ನಲಾದೀತೆ? ಗಡಿಯಾರಗಳ ಚರಿತ್ರೆಯಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಸೆಕೆಗೆ ಸ್ಪ್ರಿಂಗು ಮೆತ್ತಗಾಗಿ ಗಡಿಯಾರ ಹಿಂದೆ ಬೀಳುವುದನ್ನು ತಡೆಯಲು, ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಎದುರು ದಿಕ್ಕಿನ ತಪ್ಪೊಂದನ್ನು ಬೇಕೆಂದೇ ಒಳಗೆ ಸೇರಿಸುತ್ತಿದ್ದರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಹಡಗಿನ ಗಡಿಯಾರಗಳಲ್ಲಿ ಮಾಡಿದ್ದೂ ಇದನ್ನೇ. ತಪ್ಪಿಗೆ ತಪ್ಪನ್ನು ಎದುರಿಡುವುದೇ ಅಪರಾಧವಾದರೆ ಅವನೂ ಅಪರಾಧಿ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನಗೆ ತೋಚಿದ ಉತ್ತರವೂ ಹ್ಯಾರಿಸನ್ನನ ಕಥೆಯಲ್ಲೇ ಇದೆ. ನಡುಸಮುದ್ರದಲ್ಲಿ ಹಡಗು ಪೂರ್ವ ಪಶ್ಚಿಮವಾಗಿ ಎಲ್ಲಿದೆ ಎಂದು ತಿಳಿಯಲು ಹೊರಟ ಬಂದರಿನ ಸಮಯ ಗೊತ್ತಿರಬೇಕು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದ್ದರಿಂದ ಗಡಿಯಾರದಲ್ಲಿ 4 ನಿಮಿಷ ತಪ್ಪಿದರೆ ಸಮಭಾಜಕದ ಬಳಿ ಹಡಗಿನ ಲೆಕ್ಕ ಸುಮಾರು 111 ಕಿಲೋಮೀಟರ್ ತಪ್ಪುತ್ತದೆ. ನನ್ನ ವಾಚನ್ನು ನಂಬಿ ಹೊರಟವರು ಮೊದಲ ದಿನವೇ ಅಷ್ಟು ದೂರ ದಾರಿ ತಪ್ಪುತ್ತಿದ್ದರು. 1761ರಲ್ಲಿ ಹ್ಯಾರಿಸನ್ನನ ಗಡಿಯಾರ ಪರೀಕ್ಷೆಗಾಗಿ ಜಮೈಕಾಕ್ಕೆ ಹೊರಟಿತು. ಚೆನ್ನಾಗಿಯೇ ನಡೆಯಿತು. ಆದರೂ ಬಹುಮಾನ ಕೊಡಬೇಕಾದ ಮಂಡಳಿ ಒಪ್ಪಲಿಲ್ಲ. ಗಡಿಯಾರ ದಿನಕ್ಕೆ ಎಷ್ಟು ಸೆಕೆಂಡು ಆಚೀಚೆ ಹೋಗುತ್ತದೆ ಎಂಬುದನ್ನು ಹೊರಡುವ ಮೊದಲೇ ಹೇಳಿರಲಿಲ್ಲ ಎಂಬುದು ಅವರ ತಕರಾರುಗಳಲ್ಲಿ ಒಂದು. 1764ರ ಎರಡನೆಯ ಪರೀಕ್ಷೆಗೆ ಹೊರಡುವಾಗ ಆ ದರವನ್ನು ಮೊದಲೇ ಘೋಷಿಸಿದರು.

ಹಡಗಿನ ಗಡಿಯಾರದಿಂದ ಯಾರೂ ತಪ್ಪೇ ಇಲ್ಲದ ಸಮಯವನ್ನು ಕೇಳಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಕೇಳಿದ್ದು ಎರಡು. ತಪ್ಪು ದಿನದಿನವೂ ಒಂದೇ ಸಮ ಇರಲಿ. ಅದನ್ನು ಮೊದಲೇ ಹೇಳಿರಿ. ಹೊರಟ ಮೇಲೆ, ಕಂಡ ಫಲಿತಾಂಶಕ್ಕೆ ಹೊಂದುವ ಹಾಗೆ ತಪ್ಪಿನ ಲೆಕ್ಕ ಕೊಟ್ಟರೆ ಅದನ್ನು ನಂಬುವುದು ಹೇಗೆ? ನನ್ನ ತಾತನಿಗೆ ಹ್ಯಾರಿಸನ್ ಯಾರೆಂದು ಗೊತ್ತಿರಲಿಲ್ಲ. ಆದರೆ ಹೊಸ ಹೆಡ್‌ಮಾಸ್ಟರ ಮುಂದೆ ನಿಂತು, "ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗ್ತದೆ ಸಾರ್" ಎಂದು ಹೇಳುತ್ತಿದ್ದರಲ್ಲ, ಅವರು ಮಾಡುತ್ತಿದ್ದುದೂ ಅದನ್ನೇ. ಗಂಟೆ ಬಾರಿಸುವವನ ವಾಚು ಅವನೊಬ್ಬನ ವಾಚಲ್ಲ. ಅದರ ತಪ್ಪು ಐನೂರು ಮಕ್ಕಳ ಊಟದ ಬಿಡುವಿನಲ್ಲಿ ಕೂಡುತ್ತದೆ, ಇಲ್ಲವೇ ಕಳೆಯುತ್ತದೆ.

ಕನ್ನಡಕ ಮೋಸವಲ್ಲ, ಏಕೆಂದರೆ ಅದು ಮೂಗಿನ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿದೆ. ಅಮ್ಮನ ಹತ್ತು ನಿಮಿಷ ಮೋಸವಲ್ಲ, ಏಕೆಂದರೆ ಮನೆಗೆ ಬಂದ ನೆಂಟರಿಗೂ ಅವಳು ಅದನ್ನು ಹೇಳುತ್ತಾಳೆ. ಹ್ಯಾರಿಸನ್ನನ ಲೋಹದ ಪಟ್ಟಿ ಮೋಸವಲ್ಲ, ಏಕೆಂದರೆ ಅದು ಯಾವ ದೋಷಕ್ಕೆ ಎದುರಾಗಿ ಇದೆ ಎಂದು ಅವನಿಗೆ ಗೊತ್ತಿತ್ತು. ಕಾರಣ ತಿಳಿಯದೆ, ತಿಳಿಯುವ ಪ್ರಯತ್ನವನ್ನೂ ಮಾಡದೆ, ಮುಳ್ಳು ಬೇಕಾದಲ್ಲಿಗೆ ಬರುವವರೆಗೆ ಕಡ್ಡಿ ಸರಿಸಿ, ಸರಿಸಿದ್ದನ್ನು ಹೇಳದೆ ಮುಚ್ಚಳ ಹಾಕುವುದು ಬೇರೆ. ಅಂಗಡಿಯಾತ ಅದನ್ನು ಒಂದು ವಾಚಿಗೆ ಮಾಡಿದ್ದ. ನಾನು ಒಬ್ಬ ಸತ್ತ ಮನುಷ್ಯನ ದಿನಕ್ಕೆ ಮಾಡಿದ್ದೆ.

ಶುದ್ಧ ಎಂದು ಓದಿದ್ದು ತಪ್ಪೇ ಆಗಬೇಕೆಂದಿಲ್ಲ. ಕೆತ್ತುವವರು ತಪ್ಪುತ್ತಾರೆ. ಆದರೆ ನಾನು ಆ ಊಹೆಯನ್ನು ಒಪ್ಪಿದ್ದು ಅದಕ್ಕೆ ಸಾಕ್ಷಿ ಇತ್ತೆಂದಲ್ಲ, ಅದರಿಂದ ನನಗೆ ಬೇಕಾದ ಉತ್ತರ ಬಂದಿತೆಂದು. ಆ ಮೂರು ದಿನಗಳಲ್ಲಿ ಮತ್ತೆ ಕೋಷ್ಟಕದ ಮುಂದೆ ಕೂತೆ. ಈ ಸಲ ಕೇಳಿದ ಪ್ರಶ್ನೆ ಬೇರೆ. ಕಲ್ಲು ಸರಿಯಾಗಿದ್ದೂ ಒಂದು ದಿನ ವ್ಯತ್ಯಾಸ ಬರುವುದು ಹೇಗೆ? ಉತ್ತರ ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವಂಥದ್ದು. ಸೂರ್ಯೋದಯದ ಹೊತ್ತಿಗೆ ಯಾವ ತಿಥಿ ಇರುತ್ತದೋ ಅದೇ ಆ ದಿನದ ತಿಥಿ ಎನ್ನುವುದು ಪಂಚಾಂಗದ ರೂಢಿ. ಆದರೆ ತಿಥಿ ಬದಲಾಗುವುದು ಸೂರ್ಯೋದಯಕ್ಕೇ ಅಲ್ಲ, ದಿನದ ಯಾವ ಹೊತ್ತಿನಲ್ಲಾದರೂ ಬದಲಾಗಬಹುದು. ಆ ವಾರ ಅಷ್ಟಮಿ ಶುರುವಾದದ್ದು ಭಾನುವಾರ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ಸೂರ್ಯ ಹುಟ್ಟುವಾಗಲೂ ಅಷ್ಟಮಿಯೇ ಇದ್ದುದರಿಂದ ಪಂಚಾಂಗ ಅದನ್ನು ಸೋಮವಾರದ ಲೆಕ್ಕಕ್ಕೆ ಬರೆದಿತು. ಕಾಳಗ ಭಾನುವಾರ ಸಂಜೆ ನಡೆದಿದ್ದರೆ, ಆಗ ನಡೆಯುತ್ತಿದ್ದ ತಿಥಿ ಅಷ್ಟಮಿ, ವಾರ ಭಾನುವಾರ. ಕಲ್ಲು ಹೇಳುವುದೂ ಅದನ್ನೇ. ಮೇಯಲು ಹೋದ ದನ ಊರಿಗೆ ತಿರುಗುವ ಹೊತ್ತು ಅದು. ಅಷ್ಟನ್ನು ಸಾಕ್ಷಿ ಎನ್ನಲಾರೆ. ಆದರೆ ಕೆತ್ತಿದವನನ್ನು ತಪ್ಪುಗಾರ ಮಾಡದೆಯೇ ಲೆಕ್ಕ ಹೊಂದುತ್ತದೆ. ಹೊಂದಿದಾಗ ನನ್ನ ಒಳ್ಳೆಯ ಉದಾಹರಣೆ ಬಿದ್ದುಹೋಗುತ್ತದೆ.

ನಾನೇನೂ ಧೈರ್ಯವಂತೆಯಂತೆ ನೇರ ಹೋಗಿ ಹೇಳಲಿಲ್ಲ. ನಾಲ್ಕು ದಿನ ಸುಮ್ಮನಿದ್ದೆ. ಫೆಲೋಶಿಪ್ಪು ಮುಗಿದು ತಿಂಗಳುಗಳಾಗಿವೆ. ಹಾಸ್ಟೆಲ್ ಯಾವಾಗ ಬಿಡುತ್ತೀರಿ ಎಂದು ಕೇಳುತ್ತಿದ್ದಾರೆ. ಅದೊಂದು ತಿಥಿಯನ್ನು ತಿರುಗಿ ನೋಡುವವರು ಯಾರು? ಪರೀಕ್ಷಕರು ಕಲ್ಲಿರುವ ಊರಿಗೆ ಹೋಗುತ್ತಾರೆಯೇ? ಮುಳ್ಳಂತೂ ಸರಿಯಾಗಿತ್ತು. ಕೊನೆಗೆ ನನ್ನನ್ನು ಎಬ್ಬಿಸಿದ್ದು ಯಾವ ಸಿದ್ಧಾಂತವೂ ಅಲ್ಲ. ನನ್ನ ಪ್ರಬಂಧವನ್ನು ನಂಬಿ ಮುಂದೆ ಯಾರೋ ಒಬ್ಬಳು ಆ ಶುದ್ಧ ಅಷ್ಟಮಿಯನ್ನು ತನ್ನ ಟಿಪ್ಪಣಿಗೆ ಎತ್ತಿಕೊಳ್ಳುತ್ತಾಳಲ್ಲ, ಅವಳ ನೆನಪಾಯಿತು. ನಾನೂ ಇನ್ನೊಬ್ಬರು ಬಾರಿಸಿದ ಗಂಟೆ ಕೇಳಿಯೇ ತರಗತಿಗೆ ಹೋದವಳು.

ಮಾರ್ಗದರ್ಶಕರಿಗೆ ಎಲ್ಲವನ್ನೂ ಹೇಳಿದೆ. ಅವರು ಕಾಗದ ತೆಗೆದುಕೊಂಡು ಲೆಕ್ಕವನ್ನು ತಾವೇ ಒಮ್ಮೆ ಮಾಡಿದರು. "ಇದನ್ನೇ ಅಲ್ವಾ ಸೆಮಿನಾರಿನಲ್ಲಿ ಎಲ್ಲರೂ ಮೆಚ್ಚಿದ್ದು?" ಎಂದರು. "ಹೌದು ಮೇಡಂ." "ಇಂಥವು ಒಟ್ಟು ಎಷ್ಟಿವೆ?" "ನಾಲ್ಕಿದ್ವು. ಈಗ ಮೂರು." ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಆ ಮೂರನ್ನೂ ಇನ್ನೊಂದ್ಸಲ ನೋಡಮ್ಮ" ಎಂದರು. ಬೈಗುಳಕ್ಕಿಂತ ಅದು ಹೆಚ್ಚು ನೋವಾಯಿತು. ಅವರು ಹೇಳಿದ್ದು ಸರಿಯಾಗಿತ್ತು. ಒಂದು ಸಲ ಕಡ್ಡಿ ಸರಿಸಿದ ಕೈ ಎಂದು ಗೊತ್ತಾದ ಮೇಲೆ ಆ ಕೈ ಮುಟ್ಟಿದ ಬೇರೆಯವನ್ನೂ ನೋಡಬೇಕಾಗುತ್ತದೆ. ಈಗ ನೋಡುತ್ತಿದ್ದೇನೆ. ಒಂದು ಗಟ್ಟಿ ನಿಂತಿದೆ. ಇನ್ನೊಂದಕ್ಕೆ ಅಡಿಟಿಪ್ಪಣಿ ಬೇಕು. ಮೂರನೆಯದು ಬಾಕಿ. ಸಲ್ಲಿಕೆ ಮುಂದಕ್ಕೆ ಹೋಗಿದೆ. ಮೂರನೆಯ ಅಧ್ಯಾಯದಲ್ಲಿ ಈಗ ಎರಡು ಕಲ್ಲುಗಳೂ ಇವೆ, ಬಹುಳ ಅಷ್ಟಮಿಯೂ ಇದೆ, ನಾನು ಮೊದಲು ಹೇಗೆ ಓದಿದ್ದೆ, ಯಾಕೆ ಬಿಟ್ಟೆ ಎಂಬುದೂ ಇದೆ. ಭೂಮಿ ಯಾರಿಗೆ ಹೋಯಿತೆಂಬುದು ಮಾತ್ರ ಇಲ್ಲ. ವಾಚು ಗುಣವಾದ ದಿನವೇ ಅತಿ ಕೆಟ್ಟದಾಗಿ ನಡೆದದ್ದು ಈ ಅಧ್ಯಾಯವನ್ನು ತೆರೆದಾಗಲೆಲ್ಲ ನೆನಪಾಗುತ್ತದೆ.

ಮೂರನೆಯ ದಿನ ವಾಚು ವಾಪಸು ಕೊಡುವಾಗ ಆ ಹಿರಿಯರು, "ದಿನಕ್ಕೆ ಒಂದು ಹದಿನೈದು ಸೆಕೆಂಡು ಮುಂದೆ ಹೋಗುತ್ತೆ. ಇನ್ನೂ ಸರಿಸಬಹುದು. ಬೇಡ ಬಿಡಿ, ಕೈಗೆ ಕಟ್ಕೊಂಡ್ರೆ ಇಷ್ಟು ಇರುತ್ತೆ" ಎಂದರು. ಈಗ ಅದನ್ನು ಸ್ಪೀಕರಿನಿಂದ ದೂರ, ಪುಸ್ತಕದ ಕಪಾಟಿನ ಮೇಲೆ ಇಡುತ್ತೇನೆ. ಬೆಳಿಗ್ಗೆ ಕೀ ಕೊಟ್ಟು, ಫೋನಿಗೆ ಹೋಲಿಸಿ, ಎಷ್ಟು ಮುಂದಿದೆ ಎಂದು ಡೈರಿಯ ಮೂಲೆಯಲ್ಲಿ ಬರೆದಿಡುತ್ತೇನೆ. 14, 16, 15, 15. ಗೆಳತಿ ನೋಡಿ, "ಇಷ್ಟು ಓಡಾಡಿ ಇನ್ನೂ ಸರಿ ಆಗ್ಲಿಲ್ವಾ?" ಎಂದು ಕೇಳಿದಳು. ದಿನಕ್ಕೆ ಹದಿನೈದು ಸೆಕೆಂಡು ಮುಂದೆ ಹೋಗುತ್ತದೆ ಎಂದು ಹೇಳಿದೆ.